ಟಾರ್ನೀಟ್‌ನ ಎರೆಮಣ್ಣಿಗೆ ಯಾವ ಮಾರ್ಗರೇಟ್ ಡೈಸಿ?

ಆಸ್ಟ್ರೇಲಿಯಾದ ಮೆಲ್ಬರ್ನಿನ ಪಶ್ಚಿಮ ಬಡಾವಣೆ ಟಾರ್ನೀಟ್‌ನ ಹೊಸ ಮನೆ ಮುಂದೆ ಹಾಕೋಕೆ ಮಾರ್ಗರೇಟ್ ಡೈಸಿಯ ಯಾವ ತಳಿ ಒಳ್ಳೆಯದು, ಹೋದ ಅಕ್ಟೋಬರಿನಲ್ಲಿ ತಂದ ಮೂರು ಗಿಡಗಳು ಬೇಸಿಗೆಯಲ್ಲಿ ಯಾಕೆ ಒಣಗಿದವು, ಊರಿಗೆ ಹೋಗುವಾಗ ಮೈಸೂರಿನಲ್ಲಿರುವ ಅಮ್ಮನಿಗೆ ಕಡ್ಡಿ ಒಯ್ಯಬಹುದಾ ಅಂತ ಕೇಳಿದ್ದೀರಿ. ಮೂರಕ್ಕೂ ಉತ್ತರ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಆ ಮೂರು ಗಿಡಗಳ ನಿಮ್ಮ ಫೋಟೊ. ಎಡಗಡೆ ಇರುವುದು ಮಾರ್ಗರೇಟ್ ಅಲ್ಲ, ಶಾಸ್ತಾ ಡೈಸಿ. ಎಲೆ ನೋಡಿ: ಉದ್ದ, ದಪ್ಪ, ಕಡುಹಸಿರು, ಅಂಚಿನಲ್ಲಿ ಗರಗಸದ ಹಲ್ಲು, ಎಲ್ಲವೂ ನೆಲದಿಂದಲೇ ಎದ್ದಿವೆ. ಮಾರ್ಗರೇಟ್ ಎಲೆ ಸೇವಂತಿಗೆ ಎಲೆಗಿಂತ ಸಣ್ಣದಾಗಿ ಸೀಳಿರುತ್ತದೆ, ಕಾಂಡ ಬುಡದಲ್ಲಿ ಮರದಂತೆ ಗಟ್ಟಿಯಾಗಿರುತ್ತದೆ. ಶಾಸ್ತಾವನ್ನು ಅಮೆರಿಕದ ಲೂಥರ್ ಬರ್ಬ್ಯಾಂಕ್ ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿ 1901ರಲ್ಲಿ ಹೊರತಂದರು. ಅದು ಹೂಬಿಟ್ಟ ಮೇಲೆ ಮೇಲಿನ ಭಾಗ ಒಣಗಿ ಬುಡದಲ್ಲಿ ಜೀವ ಉಳಿಸಿಕೊಳ್ಳುವ ಜಾತಿ. ಹಾಗಾಗಿ ಅದನ್ನು ಕೀಳಬೇಡಿ. ಬುಡ ಕೆದಕಿ ನೋಡಿ, ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ. ಉಳಿದೆರಡು ನಿಜವಾದ ಮಾರ್ಗರೇಟ್, ಅವು ಹೋಗಿವೆ.

ಮಾರ್ಗರೇಟ್‌ನ ಮೂಲ ಆಫ್ರಿಕಾದ ವಾಯವ್ಯ ಕರಾವಳಿಯ ಆಚೆಗಿರುವ ಸ್ಪೇನಿನ ಕ್ಯಾನರಿ ದ್ವೀಪಗಳು. ಜ್ವಾಲಾಮುಖಿ ಕಲ್ಲಿನ ಇಳಿಜಾರು, ಸಮುದ್ರದ ಗಾಳಿ, ಹದವಾದ ಚಳಿ, ನೀರು ನಿಲ್ಲದ ನೆಲ. ಇದೊಂದು ನೆನಪಿದ್ದರೆ ಗಿಡದ ಮುಕ್ಕಾಲು ಸ್ವಭಾವ ಅರ್ಥವಾದಂತೆ. ಮೆಲ್ಬರ್ನಿನ ಚಳಿ ಅದಕ್ಕೆ ಹಿತ. ಹಿತವಲ್ಲದ್ದು ಎರಡೇ: ಜನವರಿಯ ನಲವತ್ತು ಡಿಗ್ರಿಯ ದಿನಗಳು ಮತ್ತು ನಿಮ್ಮ ಮಣ್ಣು. ಪಶ್ಚಿಮದ ಬಡಾವಣೆಗಳೆಲ್ಲ ಬಸಾಲ್ಟ್ ಎಂಬ ಲಾವಾಕಲ್ಲಿನ ಬಯಲಿನ ಮೇಲಿವೆ. ನಮ್ಮ ವಿಜಯಪುರ ಕಡೆಯ ಎರೆಹೊಲವೂ ಬಸಾಲ್ಟಿನಿಂದಲೇ ಆದದ್ದು. ಮಳೆಗೆ ಉಬ್ಬಿ ಅಂಟಾಗುವುದು, ಬಿಸಿಲಿಗೆ ಬಿರುಕು ಬಿಡುವುದು ಎರಡೂ ಕಡೆ ಒಂದೇ.

ಒಣಗಿದ್ದಕ್ಕೆ ಕಾರಣ ಫೋಟೊದಲ್ಲೇ ಕಾಣುತ್ತಿದೆ. ಅಕ್ಟೋಬರಿನಲ್ಲಿ ನರ್ಸರಿಯವರು ಮೈತುಂಬ ಹೂವಿರುವ ಗಿಡವನ್ನೇ ಇಟ್ಟಿರುತ್ತಾರೆ. ಕುಂಡದ ಮಿಶ್ರಣ ಹಗುರ, ಸುತ್ತಲಿನ ಎರೆಮಣ್ಣು ಗಟ್ಟಿ. ಬೇರು ಆ ಮುದ್ದೆ ಬಿಟ್ಟು ಆಚೆ ಹೋಗುವ ಮೊದಲೇ ಬೇಸಿಗೆ ಬಂತು. ಒಮ್ಮೆ ಪೂರ್ತಿ ಒಣಗಿದ ಮಿಶ್ರಣ ನೀರು ಹೀರುವುದಿಲ್ಲ, ಮೇಲೆ ಹೊಯ್ದದ್ದು ಬದಿಯಿಂದ ಇಳಿದು ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಮೇಲೆ ಒಣ, ಕೆಳಗೆ ಕೊಳೆ. ಅದರ ಜೊತೆ ಮರದ ಚೆಕ್ಕೆಯನ್ನು ಕಾಂಡಕ್ಕೆ ತಾಗುವಂತೆ ಗುಡ್ಡೆ ಹಾಕಿದ್ದೀರಿ. ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಬೇಕು.

ಈಗ ಏಪ್ರಿಲ್, ನೆಡೋಕೆ ಇದೇ ಸರಿಯಾದ ಹೊತ್ತು. ಮಣ್ಣು ಇನ್ನೂ ಬೆಚ್ಚಗಿದೆ, ಬೇರಿಗೆ ಆರೇಳು ತಿಂಗಳು ಸಿಗುತ್ತದೆ. ಗುಂಡಿ ತೋಡುವುದಕ್ಕಿಂತ ನೆಲದ ಮೇಲೆ 20ರಿಂದ 30 ಸೆಂಟಿಮೀಟರ್ ಏರು ಪಾತಿ ಮಾಡಿ. ಜೇಡಿ ಸಡಿಲವಾಗಲೆಂದು ಜಿಪ್ಸಮ್ ಹಾಕಲು ಎಲ್ಲರೂ ಹೇಳುತ್ತಾರೆ, ಆದರೆ ಎಲ್ಲ ಜೇಡಿಗೂ ಅದು ಕೆಲಸ ಮಾಡದು. ಒಣಗಿದ ಮಣ್ಣಿನ ಕಡಲೆಗಾತ್ರದ ಹೆಂಟೆಯೊಂದನ್ನು ಗಾಜಿನ ಲೋಟದ ಮಳೆನೀರಲ್ಲಿ ಬಿಟ್ಟು, ಅಲುಗಿಸದೆ ಒಂದು ದಿನ ಇಡಿ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿದರೆ ಜಿಪ್ಸಮ್‌ನಿಂದ ಉಪಯೋಗವಿದೆ. ಹೆಂಟೆ ಪುಡಿಯಾಗಿ ನೀರು ತಿಳಿಯಾಗೇ ಉಳಿದರೆ ಆ ದುಡ್ಡನ್ನು ಕಾಂಪೋಸ್ಟಿಗೆ ಹಾಕಿ.

ಇನ್ನು ತಳಿ. ನನ್ನ ಮೊದಲ ಆಯ್ಕೆ ಹಳೆಯ ಜಮೈಕಾ ಪ್ರಿಮ್‌ರೋಸ್. ತಿಳಿಹಳದಿ, ಒಂದೇ ಸುತ್ತಿನ ಎಸಳು, ಮೀಟರ್ ಎತ್ತರಕ್ಕೆ ಸಡಿಲವಾಗಿ ಬೆಳೆಯುತ್ತದೆ. ಬೇಲಿ ಪಕ್ಕ ಜಾಗ ಇದ್ದರೆ ಇದರಷ್ಟು ಉದಾರಿ ಇನ್ನೊಂದಿಲ್ಲ. ಗುಲಾಬಿ ಬೇಕೆಂದರೆ ವ್ಯಾಂಕೂವರ್: ಹೊರಗೆ ಒಂದು ಸುತ್ತು ಎಸಳು, ನಡುವೆ ಹಳದಿ ಗುಂಡಿನ ಬದಲು ಗುಲಾಬಿ ದಿಂಬು. ಹೂವು ಹಳತಾದಂತೆ ಬಣ್ಣ ತಿಳಿಯಾಗುತ್ತದೆ, ಹಾಗಾಗಿ ಒಂದೇ ಗಿಡದಲ್ಲಿ ಎರಡು ಮೂರು ಛಾಯೆ ಒಟ್ಟಿಗೆ ಕಾಣುತ್ತವೆ. ನನಗೆ ಅದು ತುಂಬ ಇಷ್ಟ. ಬಿಳಿಯಲ್ಲಿ ಚೆಲ್ಸೀ ಗರ್ಲ್ ಸಿಕ್ಕರೆ ಬಿಡಬೇಡಿ, ಎಲೆ ದಾರದಷ್ಟು ಸಣ್ಣ, ಬೂದುಹಸಿರು, ಹೂವಿಲ್ಲದಾಗಲೂ ಚಂದ. ಬಿಸಿಲು ತಾಳುವುದರಲ್ಲಿ ಹಳದಿಯ ಬಟರ್‌ಫ್ಲೈಗೆ ಒಳ್ಳೆಯ ಹೆಸರಿದೆ, ಉತ್ತರಕ್ಕೆ ತೆರೆದು ಹೆಚ್ಚು ಬಿಸಿಲು ಬೀಳುವ ನಿಮ್ಮ ಅಂಗಳಕ್ಕೆ ಅದು ಹೊಂದುತ್ತದೆ. ಕುಂಡಕ್ಕಾದರೆ ಮದೈರಾ, ಮೋಲಿಂಬಾ ಸರಣಿಯ ಗಿಡ್ಡ ತಳಿಗಳು. ಇಲ್ಲಿ ಫೆಡರೇಶನ್ ಡೈಸಿ ಅಂತ ಮಾರುವವೂ ಮಾರ್ಗರೇಟ್‌ನ ಸುಧಾರಿತ ತಳಿಗಳೇ.

ಜೋಡಿ ಸುತ್ತಿನವು ನೋಡೋಕೆ ಭರ್ಜರಿ. ಆದರೆ ಮಳೆನೀರು ಹೂವಿನಲ್ಲಿ ನಿಂತು ಕಂದಾಗುತ್ತವೆ, ಎಸಳು ತುಂಬಿದಷ್ಟೂ ಜೇನುಹುಳಕ್ಕೆ ಸಿಗುವುದು ಕಡಿಮೆ. ಮನೆ ಹಿಂದೆ ನಿಂಬೆ, ಕುಂಬಳ ಹಾಕುತ್ತೇನೆ ಅಂದಿದ್ದೀರಲ್ಲ, ಹಾಗಾದರೆ ಒಂದು ಸುತ್ತಿನದೇ ತನ್ನಿ.

ಕಾಡುಹೂವಿನ ಬೀಜದ ಪೊಟ್ಟಣಗಳ ಬಗ್ಗೆ ಎಚ್ಚರ. ಅದರಲ್ಲಿ ಆಕ್ಸ್-ಐ ಡೈಸಿ ಇದ್ದರೆ ಬಿತ್ತಬೇಡಿ. ಅದು ಇಲ್ಲಿಯ ನ್ಯೂ ಸೌತ್ ವೇಲ್ಸ್ ರಾಜ್ಯದ ಕೊಸಿಯಸ್ಕೊ ರಾಷ್ಟ್ರೀಯ ಉದ್ಯಾನದಲ್ಲಿ ಕಳೆಯಾಗಿ ಹಬ್ಬಿ ಅಲ್ಲಿಯ ಸ್ಥಳೀಯ ಗಿಡಗಳನ್ನು ಒತ್ತರಿಸುತ್ತಿದೆ.

ಯಾವ ತಳಿ ತಂದರೂ ಒಂದು ವಿಷಯ ಬದಲಾಗದು: ಮಾರ್ಗರೇಟ್ ಮೂರ್ನಾಲ್ಕು ವರ್ಷದ ಗಿಡ. ಆಮೇಲೆ ಬುಡ ಬೋಳಾಗಿ ನಡುವೆ ಸೀಳುತ್ತದೆ. ಅದಕ್ಕೇ ಪ್ರತಿ ವರ್ಷ ಕಡ್ಡಿ ಮಾಡಿಕೊಳ್ಳಿ. ಮಾರ್ಚ್, ಏಪ್ರಿಲ್‌ನಲ್ಲಿ ಮೊಗ್ಗಿಲ್ಲದ ಎಳೆ ಕುಡಿಯನ್ನು 8ರಿಂದ 10 ಸೆಂಟಿಮೀಟರ್, ಎಲೆ ಗಿಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ದಪ್ಪ ಮರಳು ಮತ್ತು ತೆಂಗಿನ ನಾರಿನ ಪುಡಿ ಸಮ ಬೆರೆಸಿ ಚುಚ್ಚಿ, ನೆರಳಲ್ಲಿಡಿ. ಮೂರ್ನಾಲ್ಕು ವಾರದಲ್ಲಿ ಮೆಲ್ಲಗೆ ಎಳೆದರೆ ಬಿಗಿ ಗೊತ್ತಾಗುತ್ತದೆ, ಅಂದರೆ ಬೇರು ಬಂದಿದೆ. ಬೇರೂರಿದ ಮೇಲೆ ತುದಿ ಚಿವುಟಿ, ಇಲ್ಲದಿದ್ದರೆ ಒಂಟಿ ಕೋಲಾಗಿ ಬೆಳೆಯುತ್ತದೆ. ಹೊಸ ತಳಿಗಳಲ್ಲಿ ಎಷ್ಟೋ ತಳಿಗಾರರ ಹಕ್ಕಿನಡಿ ಇವೆ. ಚೀಟಿಯಲ್ಲಿ ಪಿಬಿಆರ್ ಅಂತ ಬರೆದಿದ್ದರೆ ನಿಮ್ಮ ಮನೆಗೆ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ.

ಸವರುವುದು ನವೆಂಬರ್ ಕೊನೆಗೆ, ವಸಂತದ ಹೂವು ಮುಗಿದ ಮೇಲೆ. ಮೂರನೇ ಒಂದು ಭಾಗ ಸಾಕು. ಎಲೆ ಇಲ್ಲದ ಹಳೆ ಕಟ್ಟಿಗೆವರೆಗೆ ಇಳಿದು ಕತ್ತರಿಸಿದರೆ ಅಲ್ಲಿಂದ ಚಿಗುರು ಬರುವುದು ಅಪರೂಪ. ಗೊಬ್ಬರದಲ್ಲಿ ಯೂರಿಯಾ, ಹಸಿ ಕೋಳಿಗೊಬ್ಬರ ಬೇಡ, ಬರೀ ಎಲೆ ಬೆಳೆಯುತ್ತದೆ. ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಬೆಳಗ್ಗೆ, ಬೇರಿಗೆ ಇಳಿಯುವಷ್ಟು ನೀರು ಕೊಡಿ.

ಎಲೆ ಮೇಲೆ ಬಿಳಿ ಸೊಟ್ಟ ಗೆರೆ ಕಂಡರೆ ಎಲೆಸುರಂಗದ ಹುಳು, ಆ ಎಲೆ ಕಿತ್ತು ಕಸದ ಡಬ್ಬಿಗೆ ಹಾಕಿ, ಔಷಧಿ ಬೇಕಿಲ್ಲ. ಕೊಳ್ಳುವಾಗ ಮಾತ್ರ ಗಿಡದ ಬುಡದ ಮಣ್ಣನ್ನು ಬೆರಳಲ್ಲಿ ಸರಿಸಿ ನೋಡಿ. ಕಾಂಡ ನೆಲ ಸೇರುವಲ್ಲಿ ಒರಟು ಗಂಟು ಇದ್ದರೆ ಬಿಟ್ಟುಬಿಡಿ. ಅದು ಬ್ಯಾಕ್ಟೀರಿಯಾದಿಂದ ಬರುವ ಬುಡಗಂಟು ರೋಗ. ಅಮೆರಿಕದ ಸ್ಮಿತ್ ಮತ್ತು ಟೌನ್‌ಸೆಂಡ್ ಎಂಬ ವಿಜ್ಞಾನಿಗಳು 1907ರಲ್ಲಿ ಆ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದೇ ಈ ಡೈಸಿಯ ಗಂಟಿನಿಂದ. ಮದ್ದಿಲ್ಲ. ಗಿಡ ಬೇರುಸಮೇತ ತೆಗೆಯಬೇಕು, ಕತ್ತರಿಗೆ ಸ್ಪಿರಿಟ್ ಒರೆಸಬೇಕು, ಅದರಿಂದ ಕಡ್ಡಿ ಮಾಡಬಾರದು.

ಅಮ್ಮನಿಗೆ ಕಡ್ಡಿ ಒಯ್ಯಬೇಡಿ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಜೀವಂತ ಗಿಡ, ಕಡ್ಡಿ, ಬೀಜ ತರಲು ಆಮದು ಪರವಾನಗಿ, ಗಿಡದ ಆರೋಗ್ಯ ಪ್ರಮಾಣಪತ್ರ ಬೇಕು. ಬ್ಯಾಗಿನಲ್ಲಿಟ್ಟು ಹೋಗುವ ವಿಷಯವಲ್ಲ. ಮೈಸೂರಿನಲ್ಲಿ ಡೈಸಿ ಸಸಿ ಸಿಕ್ಕರೆ ಎಲೆ ಸೀಳಿದೆಯೇ ನೋಡಿಕೊಂಡು, ಅಕ್ಟೋಬರ್ ಹೊತ್ತಿಗೆ ಕುಂಡದಲ್ಲಿ ಹಾಕಲು ಹೇಳಿ. ಚಳಿಗಾಲದಲ್ಲಿ ಹೂವು ಕೊಡುತ್ತದೆ. ಮಾರ್ಚ್ ನಂತರ ಮಧ್ಯಾಹ್ನದ ಬಿಸಿಲಿನಿಂದ ಕುಂಡ ಪೂರ್ವದ ಗೋಡೆ ಕಡೆ ಸರಿಸಿಟ್ಟರೆ ಉಳಿಯುವ ಸಾಧ್ಯತೆ ಹೆಚ್ಚು.

ಲೋಟದ ಪರೀಕ್ಷೆ ಮಾಡಿ ಅದರ ಫೋಟೊ ಇಲ್ಲೇ ಹಾಕಿ. ಜಿಪ್ಸಮ್ ಎಷ್ಟು ಬೇಕು ಅಂತ ಪಾತಿಯ ಅಳತೆ ನೋಡಿ ಹೇಳುತ್ತೇನೆ.