ಕೋವಿಡ್ ವಾಸಿಯಾಗಿ ವರ್ಷವಾದರೂ ಅಕ್ಕನ ಸುಸ್ತು ಹೋಗಿಲ್ಲ, ವಾಕಿಂಗ್ ಮಾಡಿಸಬೇಕೇ?

ರಕ್ತಪರೀಕ್ಷೆ, ಇಸಿಜಿ, ಎಕ್ಸ್‌ರೇ ಎಲ್ಲವೂ ನಾರ್ಮಲ್ ಬಂದಿವೆ, ಆದರೂ ಮನೆಯವರ ಒತ್ತಾಯಕ್ಕೆ ವಾಕಿಂಗ್ ಹೋದ ಒಂದೆರಡು ದಿನಕ್ಕೆ ಅಕ್ಕ ಹಾಸಿಗೆ ಹಿಡಿಯುತ್ತಾರೆ ಎಂದು ಬರೆದು, ಇದು ಮನಸ್ಸಿನ ಕಾಯಿಲೆಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಫಿಸಿಯೋಥೆರಪಿಸ್ಟ್. ನೀವು ಹೇಳಿದಷ್ಟನ್ನು ನಂಬಿ ಹೇಳುವುದಾದರೆ, ವಾಕಿಂಗ್ ಒತ್ತಾಯವನ್ನು ಸದ್ಯಕ್ಕೆ ನಿಲ್ಲಿಸುವುದು ಒಳ್ಳೆಯದು.

ಶ್ರಮಪಟ್ಟ ಕೂಡಲೇ ಆಗದೆ, ತಡವಾಗಿ ಎಲ್ಲ ತೊಂದರೆಗಳೂ ಒಟ್ಟಿಗೆ ಉಲ್ಬಣಿಸುವುದು, ಕೋವಿಡ್ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಕಾಡುವ ದೀರ್ಘ ಕೋವಿಡ್‌ನ ಮುಖ್ಯ ಲಕ್ಷಣಗಳಲ್ಲೊಂದು. ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರು ರೋಗಿಗಳೇ: ರೋಗಿಗಳೇ ಸಂಶೋಧಕರಾಗಿ ನಡೆಸಿ 2021ರಲ್ಲಿ ಪ್ರಕಟಿಸಿದ, 56 ದೇಶಗಳ 3,762 ಮಂದಿಯ ಸಮೀಕ್ಷೆಯಲ್ಲಿ ಸುಮಾರು ಶೇ 86ರಷ್ಟು ಜನ, ವ್ಯಾಯಾಮ, ಓದು-ಬರಹದಂಥ ಕೆಲಸ ಅಥವಾ ಮಾನಸಿಕ ಒತ್ತಡದ ನಂತರ ಕಾಯಿಲೆ ಮರುಕಳಿಸುತ್ತದೆ ಎಂದಿದ್ದರು. ಆಮೇಲೆ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಇಂಥ 25 ರೋಗಿಗಳಿಂದಲೂ, ಪೂರ್ತಿ ಚೇತರಿಸಿಕೊಂಡಿದ್ದ 21 ಮಂದಿಯಿಂದಲೂ ಸೈಕಲ್ ತುಳಿಸಿ, ಅದಕ್ಕೆ ಮೊದಲು ಮತ್ತು ಮರುದಿನ ತೊಡೆಯ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. 2024ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಶ್ರಮದ ನಂತರ ರೋಗಿಗಳ ಸ್ನಾಯುಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳ ಕೆಲಸ ಕುಗ್ಗಿತ್ತು, ಸ್ನಾಯುವಿಗೆ ಹಾನಿಯೂ ಆಗಿತ್ತು. ಅಧ್ಯಯನ ಚಿಕ್ಕದು, ನಿಜ. ಆದರೂ "ಎಲ್ಲ ಮನಸ್ಸಿನದು" ಎನ್ನುವವರ ಮುಂದಿಡಲು ಅಷ್ಟು ಸಾಕು.

ಹಾಗೆಂದು ವ್ಯಾಯಾಮವೇ ಯಾರಿಗೂ ಕೂಡದು ಎಂದಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗಿ ತಿಂಗಳುಗಳ ನಂತರವೂ ಬಳಲುತ್ತಿದ್ದ 585 ಮಂದಿಯ ಮೇಲೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆದ ಪ್ರಯೋಗದಲ್ಲಿ, ಎಂಟು ವಾರಗಳ ಆನ್‌ಲೈನ್ ವ್ಯಾಯಾಮ ತರಬೇತಿಯಿಂದ ಸ್ವಲ್ಪ ಪ್ರಯೋಜನ ಕಂಡಿತು. ಆದರೆ ಶ್ರಮದ ನಂತರ ಕುಸಿಯುವವರಿಗೆ ಅದೇ ಅಳತೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಔಷಧಿಯ ವಿಷಯದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ 155 ರೋಗಿಗಳಿಗೆ 15 ದಿನ ಕೋವಿಡ್ ವೈರಸ್ ತಡೆಯುವ ಔಷಧಿಯಾದ ಪ್ಯಾಕ್ಸ್‌ಲೋವಿಡ್ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದಾಗ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಮನೆಯಲ್ಲಿ ನೀವು ಮಾಡಬಹುದಾದದ್ದು ಬಹಳ ಇದೆ. ತರಕಾರಿ ಹೆಚ್ಚುವುದು, ಬಟ್ಟೆ ಮಡಚುವುದು, ಸ್ನಾನ, ತಲೆ ಬಾಚುವುದು ಎಲ್ಲವೂ ಕುಳಿತೇ ಆಗಲಿ. ಬಚ್ಚಲಿಗೆ ಜಾರದ ಒಂದು ಸ್ಟೂಲ್ ಹಾಕಿ, ನೀರು ತೀರ ಬಿಸಿ ಬೇಡ. ಸುಸ್ತಾದ ಮೇಲಲ್ಲ, ಸುಸ್ತಾಗುವ ಮೊದಲೇ ಮಲಗಲು ಹೇಳಿ. ನಿಜವಾದ ಅಪಾಯ ಇರುವುದು ಅವರು ಗೆಲುವಾಗಿರುವ ದಿನದಲ್ಲಿ: ಇವತ್ತು ಪರವಾಗಿಲ್ಲ ಎಂದು ಮನೆಯ ಹೊದಿಕೆಗಳನ್ನೆಲ್ಲ ಒಗೆಯಲು ಕೂರುತ್ತಾರೆ, ಹಬ್ಬವಿದ್ದರೆ ಒಲೆ ಮುಂದೆ ನಿಂತು ಒಬ್ಬಟ್ಟು ಬೇಯಿಸುತ್ತಾರೆ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲಮ್ಮ" ಎನ್ನುವ ನೆಂಟರಿಗೆ ಉತ್ತರ ಕೊಡುವ ಕೆಲಸವನ್ನೂ ಅವರ ಮೇಲೆ ಬಿಡದೆ ನೀವೇ ವಹಿಸಿಕೊಳ್ಳಿ.

ಇನ್ನೊಂದು ಪರೀಕ್ಷೆ ಉಪಯುಕ್ತ. ಹತ್ತು ನಿಮಿಷ ಮಲಗಿಸಿ ನಾಡಿ ಎಣಿಸಿ, ನಂತರ ಗೋಡೆಗೆ ಒರಗಿ ನಿಲ್ಲಿಸಿ ಹತ್ತು ನಿಮಿಷದವರೆಗೆ ನಿಮಿಷಕ್ಕೊಮ್ಮೆ ಎಣಿಸಿ. ಪಕ್ಕದಲ್ಲೇ ಇರಿ, ತಲೆ ಸುತ್ತಿದರೆ ಕೂಡಲೇ ಮಲಗಿಸಿ. ಮಲಗಿದ್ದಾಗ ಇದ್ದದ್ದಕ್ಕಿಂತ ನಾಡಿ ನಿಮಿಷಕ್ಕೆ 30 ಬಡಿತಕ್ಕಿಂತ ಹೆಚ್ಚು ಏರಿ ಹಾಗೆಯೇ ಉಳಿದರೆ, ನಿಂತಾಗ ಎದೆಬಡಿತ ವಿಪರೀತ ಏರುವ ಪಾಟ್ಸ್ ಎಂಬ ತೊಂದರೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಆ ಅಂಕಿಗಳನ್ನೂ, ಯಾವ ಕೆಲಸದ ನಂತರ ಯಾವಾಗ ಕುಸಿದರು ಎಂಬ ಎರಡು ವಾರಗಳ ಟಿಪ್ಪಣಿಯನ್ನೂ ಒಬ್ಬ ಫಿಸಿಷಿಯನ್‌ಗೆ ತೋರಿಸಿ, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಲ್ಲದಿದ್ದರೆ ಅವನ್ನೂ ಮಾಡಿಸಿ. ಎದೆನೋವು, ಪ್ರಜ್ಞೆ ತಪ್ಪುವುದು, ಹೊಸದಾಗಿ ಉಸಿರುಗಟ್ಟುವುದು ಕಂಡರೆ ಈ ಟಿಪ್ಪಣಿಗೆಲ್ಲ ಕಾಯದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.