ಉಷ್ಣತೆ ಮತ್ತು ಒತ್ತಡ ಬದಲಾದಾಗ ಅಯಾನಿಕ ಹರಳಿನ ಕಂಪನಗಳು ಹೇಗೆ ಬದಲಾಗುತ್ತವೆ?

ಅಡುಗೆ ಉಪ್ಪನ್ನೇ, ಅಂದರೆ ಸೋಡಿಯಂ ಕ್ಲೋರೈಡ್ ಹರಳನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಧನ ಮತ್ತು ಋಣ ಅಯಾನುಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಚಲಿಸುವ ಆಪ್ಟಿಕಲ್ ಕಂಪನಗಳಲ್ಲಿ, ಅಡ್ಡ ಕಂಪನದ (ಅಯಾನುಗಳು ಅಲೆ ಸಾಗುವ ದಿಕ್ಕಿಗೆ ಲಂಬವಾಗಿ ಅಲುಗುವ ಕಂಪನದ) ಆವೃತ್ತಿ ಕೊಠಡಿಯ ಉಷ್ಣತೆಯಲ್ಲಿ ಸುಮಾರು 4.9 ಟೆರಾಹರ್ಟ್ಸ್, ನೀಳ ಕಂಪನದ್ದು (ಅಲೆಯ ದಿಕ್ಕಿನಲ್ಲೇ ಅಲುಗುವುದರದ್ದು) ಸುಮಾರು 7.9 ಟೆರಾಹರ್ಟ್ಸ್; ಒಂದು ಟೆರಾಹರ್ಟ್ಸ್ ಎಂದರೆ ಸೆಕೆಂಡಿಗೆ ಲಕ್ಷ ಕೋಟಿ ಕಂಪನ.

ಹರಳನ್ನು ಕಾಯಿಸಿದರೆ ಅದು ಹಿಗ್ಗಿ, ನೆರೆಯ ಅಯಾನುಗಳ ನಡುವಿನ ವಿಕರ್ಷಣೆ ಸಡಿಲವಾಗುವುದರಿಂದ ಅಡ್ಡ ಕಂಪನದ ಆವೃತ್ತಿ ಇಳಿಯುತ್ತದೆ. ಒತ್ತಡ ಹೇರಿದರೆ ಅಂತರ ಕುಗ್ಗಿ, ಅದೇ ಆವೃತ್ತಿ ಏರುತ್ತದೆ. ಆದರೆ ಎರಡನ್ನೂ ಕೇವಲ ಗಾತ್ರದ ಬದಲಾವಣೆಯೆಂದು ತಿಳಿಯುವುದು ಸರಿಯಲ್ಲ: ಗಾತ್ರವನ್ನು ಸ್ಥಿರವಾಗಿಟ್ಟರೂ, ಉಷ್ಣತೆ ಏರಿದಂತೆ ಕಂಪನದ ವಿಸ್ತಾರ ಹೆಚ್ಚಿ, ಫೋನಾನುಗಳು (ಹರಳಿನ ಕಂಪನಶಕ್ತಿಯ ಕಣರೂಪದ ತುಣುಕುಗಳು) ಒಂದರೊಡನೊಂದು ಹೆಚ್ಚಾಗಿ ಡಿಕ್ಕಿ ಹೊಡೆದು ಬೇಗ ಕ್ಷಯಿಸುವುದರಿಂದ, ಅತಿಗೆಂಪು ರೋಹಿತದಲ್ಲಿ ಈ ಕಂಪನ ಮೂಡಿಸುವ ಪಟ್ಟಿ ಅಗಲವಾಗುತ್ತದೆ. ಒತ್ತಡಕ್ಕೆ ಈ ಗುಣವಿಲ್ಲ. ಆದ್ದರಿಂದಲೇ ಎರಡೂ ಬಗೆಯ ಅಳತೆಗಳನ್ನು ಹೋಲಿಸಿ ಗಾತ್ರದ ಪಾಲನ್ನು ಪ್ರತ್ಯೇಕಿಸುತ್ತಾರೆ.

ಎಲ್ಲ ಕಂಪನಗಳೂ ಹೀಗೆಯೇ ವರ್ತಿಸುವುದಿಲ್ಲ. ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಒಂದು ಜಾರು ಸ್ಥಿತಿಸ್ಥಾಪಕತ್ವ ಗುಣಾಂಕವು (ಪದರಗಳು ಒಂದರ ಮೇಲೊಂದು ಜಾರುವುದನ್ನು ಹರಳು ಎಷ್ಟು ತಡೆಯುತ್ತದೆ ಎಂಬುದರ ಅಳತೆ) ಒತ್ತಡದೊಂದಿಗೆ ಕಡಿಮೆಯಾಗುತ್ತದೆ, ಅಂದರೆ ಅದಕ್ಕೆ ಸಂಬಂಧಿಸಿದ ಧ್ವನಿಕಂಪನಗಳು (ನೆರೆಯ ಅಯಾನುಗಳು ಒಟ್ಟಿಗೆ ಚಲಿಸುವ, ಶಬ್ದದಂಥ ಕಂಪನಗಳು) ಮೆದುವಾಗುತ್ತವೆ, ಅವುಗಳ ಆವೃತ್ತಿ ಇಳಿಯುತ್ತದೆ. ಸುಮಾರು 2 ಗಿಗಾಪಾಸ್ಕಲ್‌ನಲ್ಲಿ ಆ ಹರಳಿನ ರಚನೆಯೇ ಸೀಸಿಯಂ ಕ್ಲೋರೈಡ್ ಮಾದರಿಗೆ, ಅಂದರೆ ಪ್ರತಿ ಅಯಾನಿನ ಸುತ್ತ ಆರರ ಬದಲು ಎಂಟು ವಿರುದ್ಧ ಅಯಾನುಗಳಿರುವ ರಚನೆಗೆ, ಬದಲಾಗುತ್ತದೆ. ಉಪ್ಪಿನಲ್ಲಿ ಇದೇ ಬದಲಾವಣೆಗೆ ಸುಮಾರು 30 ಗಿಗಾಪಾಸ್ಕಲ್ ಬೇಕು. ನನ್ನ ದೃಷ್ಟಿಯಲ್ಲಿ ಇನ್ನೂ ಕುತೂಹಲಕರವಾದದ್ದು ಸ್ಟ್ರಾನ್ಷಿಯಂ ಟೈಟನೇಟ್: ಅದರ ಅಡ್ಡ ಆಪ್ಟಿಕಲ್ ಕಂಪನಗಳಲ್ಲಿ ಅತಿ ನಿಧಾನದ್ದರ ಆವೃತ್ತಿ ತಂಪಾಗಿಸಿದಂತೆ ಇಳಿಯುತ್ತದೆ, ಜೊತೆಗೆ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ಹರಳು ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆ) ತೀವ್ರವಾಗಿ ಏರುತ್ತದೆ.