ಹಿಂದಿನ ಒಂದು ಶಾಕ್ ಅಬ್ಸಾರ್ಬರ್ ಸೋರುತ್ತಿದೆ. ಅದೊಂದನ್ನೇ ಮನೆಯಲ್ಲಿ ಬದಲಾಯಿಸಬಹುದಾ, ಮೆಕ್ಯಾನಿಕ್ ಹತ್ರ ಹೋಗಬೇಕಾ?

ನನ್ನ ಹಳೇ ಸ್ವಿಫ್ಟ್‌ನದ್ದೂ ಹೀಗೇ ಆಗಿತ್ತು. ಬಲಗಡೆಯದಕ್ಕೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು, ಎಡಗಡೆಯದು ಒಣಗಿಯೇ ಇತ್ತು. ಆಗ ನಾವು ಪುತ್ತೂರಲ್ಲಿದ್ದೆವು. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ತಿಂಗಳಿಗೆರಡು ಸಲ ಓಡಾಟ. ಒಂದು ಹಂಪ್ ದಾಟಿದರೆ ಗಾಡಿಯ ಹಿಂಭಾಗ ಮೂರ್ನಾಲ್ಕು ಸಲ ಕುಣಿಯುತ್ತಿತ್ತು. ಹಿಂದೆ ಕೂರುತ್ತಿದ್ದ ಅಪ್ಪ ಹೊಂಡ ಕಂಡಾಗಲೆಲ್ಲ ಮುಂದಿನ ಸೀಟು ಹಿಡಿದುಕೊಳ್ಳುತ್ತಿದ್ದರು.

ಒಂದನ್ನೇ ಹಾಕಬೇಡಿ. ಎರಡೂ ಅಷ್ಟೇ ದೂರ ಓಡಿವೆ, ಅಲ್ವಾ? ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆದರೆ ತಿರುವಿನಲ್ಲಿ ಗಾಡಿಯ ಮೇಲೆ ನಂಬಿಕೆ ಇಡೋಕಾಗಲ್ಲ. ನಾನೂ ಜೊತೆಯನ್ನೇ ತಂದೆ.

ಬಿಚ್ಚುವುದು ಕಷ್ಟವಾಗಲಿಲ್ಲ. ನಮ್ಮ ಕಡೆಯ ಮಳೆಗೆ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿತ್ತು, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ. ಗಾಡಿ ಎತ್ತಿ ಸ್ಟ್ಯಾಂಡ್ ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಆಕ್ಸಲ್ ಕೆಳಗೆ ಇನ್ನೊಂದು ಜಾಕ್ ಇಟ್ಟೆ. ಅದಿಲ್ಲದಿದ್ದರೆ ಶಾಕ್ ಬಿಚ್ಚಿದ ಕೂಡಲೇ ಆಕ್ಸಲ್ ಜೋತುಬಿದ್ದು ಬ್ರೇಕ್ ಪೈಪನ್ನು ಎಳೆಯುತ್ತದೆ. ಹೊಸ ಶಾಕನ್ನು ನೆಟ್ಟಗೆ ನಿಲ್ಲಿಸಿ, ನಾಲ್ಕೈದು ಸಲ ಒತ್ತಿ ಎಳೆದು ಗಾಳಿ ಬಿಡಿಸಿಕೊಂಡೆ.

ತಪ್ಪಾಗಿದ್ದು ಕೊನೆಗೆ. ಬೋಲ್ಟ್ ತೂತು ಕೂಡುವಷ್ಟು ಮಾತ್ರ ಜಾಕ್ ಎತ್ತಿ, ಚಕ್ರ ಇನ್ನೂ ಗಾಳಿಯಲ್ಲಿರುವಾಗಲೇ ಕೆಳಗಿನ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶಾಕ್‌ನ ಕೆಳಗಿನ ಬಳೆಯೊಳಗೆ ರಬ್ಬರ್ ಬುಷ್ ಇರುತ್ತದೆ, ಅದರ ನಡುವೆ ಕಬ್ಬಿಣದ ಕೊಳವೆ. ಬೋಲ್ಟ್ ಬಿಗಿದರೆ ಆ ಕೊಳವೆ ಕಚ್ಚಿ ಕೂರುತ್ತದೆ, ತಿರುಗುವುದಿಲ್ಲ. ಆಮೇಲೆ ಚಕ್ರ ಮೇಲೆ ಕೆಳಗೆ ಆದಾಗಲೆಲ್ಲ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಗಾಡಿ ನೆಲದ ಮೇಲಿದ್ದಾಗ ಬಿಗಿದರೆ ರಬ್ಬರ್ ಆರಾಮಾಗಿರುತ್ತದೆ, ಹೊಂಡ ಬಂದಾಗ ಸ್ವಲ್ಪ ತಿರುಚಿ ವಾಪಸ್ ಬರುತ್ತದೆ. ನಾನು ಬಿಗಿದಿದ್ದು ಗಾಳಿಯಲ್ಲಿ. ಗಾಡಿ ಇಳಿಸಿದ ಕೂಡಲೇ ಅದು ತಿರುಚಿಕೊಂಡಿತು. ರಾತ್ರಿಯಿಡೀ ಶೆಡ್ಡಿನಲ್ಲಿ ಸುಮ್ನೆ ನಿಂತಾಗಲೂ ಹಾಗೇ. ಅದರ ಮೇಲೆ ಪ್ರತಿ ಹಂಪ್‌ಗೂ ಇನ್ನಷ್ಟು.

ನಾಲ್ಕು ತಿಂಗಳಿಗೆ ಹಿಂದಿನಿಂದ ಟಕ್ ಟಕ್ ಸದ್ದು. ಸ್ಪ್ರಿಂಗ್ ಇರಬೇಕು ಅಂತ ಎರಡು ವಾರ ಹುಡುಕಿದೆ. ಬಿಚ್ಚಿದರೆ ಶಾಕ್ ಎರಡೂ ಚೆನ್ನಾಗಿವೆ, ಒಂದು ಹನಿ ಎಣ್ಣೆ ಇಲ್ಲ. ಬುಷ್ ಮಾತ್ರ ಒಂದು ಬದಿಗೆ ಅರ್ಧಚಂದ್ರದ ಹಾಗೆ ಹರಿದಿತ್ತು. ಮುಟ್ಟಿದರೆ ಬೆರಳಿಗೆ ಕಪ್ಪು ಪುಡಿ. ಬುಷ್ ಬಿಡಿಯಾಗಿ ಎಲ್ಲೂ ಸಿಗಲಿಲ್ಲ. ಮತ್ತೆ ಒಂದು ಜೊತೆ ಕೊಂಡೆ.

ಹಾಗಾಗಿ ಮನೆಯಲ್ಲೋ ಮೆಕ್ಯಾನಿಕ್ ಹತ್ರವೋ ಅನ್ನೋದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ಲಿಫ್ಟ್ ಮೇಲೆ ಚಕ್ರ ಜೋತಾಡುವಾಗ ಬಿಗಿದರೆ ಗ್ಯಾರೇಜಿನಲ್ಲೂ ಇದೇ ಗತಿ. ಬೋಲ್ಟನ್ನು ಕೈಯಲ್ಲಿ ಕೂರಿಸಿ, ಚಕ್ರಗಳನ್ನು ರ‍್ಯಾಂಪ್ ಮೇಲೆ ಇಳಿಸಿ, ಹಿಂಭಾಗವನ್ನು ನಾಲ್ಕು ಸಲ ಅದುಮಿ, ಆಮೇಲೆ ಬಿಗಿಯಿರಿ. ಗ್ಯಾರೇಜಿಗೆ ಕೊಟ್ಟರೆ ಪಕ್ಕದಲ್ಲೇ ನಿಂತು ಇದೊಂದನ್ನು ಹೇಳಿ ಮಾಡಿಸಿ.

ಒಂದು ಮಾತು. ನಿಮ್ಮದು ಯಾವ ಗಾಡಿ ಅಂತ ಬರೆದಿಲ್ಲ. ಸ್ವಿಫ್ಟ್‌ನಲ್ಲಿ ಹಿಂದಿನ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ನಿಮ್ಮದರಲ್ಲಿ ಸ್ಪ್ರಿಂಗ್ ಶಾಕ್‌ಗೇ ಸುತ್ತಿಕೊಂಡಿದ್ದರೆ ಮನೆಯಲ್ಲಿ ಬಿಡಿಸಲು ಹೋಗಬೇಡಿ. ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಕೈಗೋ ಮುಖಕ್ಕೋ ಬಡಿಯುತ್ತದೆ.